ಮುಂಬಯಿ ಶಾಲೆಯಲ್ಲಿ ‘ಬಾಯ್ಲ್ಯಾ’ ಅನ್ನಿಸಿಕೊಳ್ಳುವ ಹುಡುಗ

ಊರಲ್ಲಿ ‘ಹೆಣ್ಣಿಗ’ ಅನ್ನುವುದಕ್ಕೆ ಇಲ್ಲಿ ಮರಾಠಿಯಲ್ಲಿ ‘ಬಾಯ್ಲ್ಯಾ’, ಹಿಂದಿಯಲ್ಲಿ ‘ಮೀಠಾ’. ಮುಂಬಯಿಯ ಕನ್ನಡದ ಹುಡುಗರ ಕಿವಿಗೆ ಮೂರೂ ಬೀಳುತ್ತವೆ. ದೂರು ಬಂದಾಗ ಮೇಷ್ಟ್ರು ಸಾಮಾನ್ಯವಾಗಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸಿ ಕಳಿಸುತ್ತಾರೆ. ಕೆಡುವುದು ಅಲ್ಲೇ. ಇದು ಜಗಳವಲ್ಲ, ಒಬ್ಬನ ಮೇಲೆ ನಾಲ್ವರು ಬೀಳುವುದು. ರಾಜಿಯಾದ ಸಂಜೆಯೇ ‘ಚಾಡಿಕೋರ’ ಎಂಬ ಇನ್ನೊಂದು ಹೆಸರೂ ಸೇರಿಕೊಳ್ಳುತ್ತದೆ.

ಮೊದಲು ಬೇಕಾದ್ದು ಒಂದು ನೋಟ್‌ಬುಕ್. ‘ಮಕ್ಕಳ ಕೀಟಲೆ, ಬುದ್ಧಿ ಹೇಳಲಾಯಿತು’ ಎಂದು ಬರೆದರೆ ಉಪಯೋಗವಿಲ್ಲ. ‘ಸೋಮವಾರ, ದೊಡ್ಡ ಬಿಡುವು, ಎರಡನೇ ಮಹಡಿಯ ಶೌಚಾಲಯ. ಮೂವರು. “ಲೇಡೀಸ್ ಡಬ್ಬಕ್ಕೆ ಹೋಗೋ” ಅಂದು ಚೀಲವನ್ನು ನಲ್ಲಿಯ ಕೆಳಗೆ ಹಿಡಿದರು.’ ಹೀಗಿರಬೇಕು. ಬೈಗುಳವನ್ನು ಆಡಿದ ಹಾಗೇ ಬರೆಯಬೇಕು, ಮೇಷ್ಟ್ರಿಗೆ ಎಷ್ಟೇ ಮುಜುಗರವಾಗಲಿ. ಇಂಥ ನಾಲ್ಕೈದು ಸಾಲು ಸೇರಿದರೆ ಯಾವ ಜಾಗ, ಯಾವ ಹೊತ್ತು ಎಂಬುದು ತಾನಾಗಿ ಕಾಣುತ್ತದೆ. ಆ ಹೊತ್ತಿಗೆ ಅಲ್ಲಿ ದೊಡ್ಡವರೊಬ್ಬರು ನಿಂತರೆ ಅಸೆಂಬ್ಲಿ ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಸೆಕ್ಷನ್ ಬದಲಿಸುವುದಾದರೆ ಕಾಡಿದವರದ್ದು ಬದಲಿಸಿ, ಕಾಡಿಸಿಕೊಂಡವನದ್ದಲ್ಲ.

‘ನೀನು ಗೇಯಾ?’ ಎಂದು ಕೇಳಲೇಬಾರದು. ಗೇ ಅಲ್ಲದವರಿಗೂ ಇದೇ ಬೈಗುಳ ಸಿಗುತ್ತದೆ; ವಿಚಾರಣೆಗೆ ಆ ಉತ್ತರ ಬೇಕಿಲ್ಲ. ಮನೆಗೆ ಫೋನ್ ಮಾಡಿದಾಗ ‘ಚೀಲ ನೆನೆಸಿದ್ದಾರೆ, ಮೂರು ಸಲ ಆಗಿದೆ, ನಾವು ಇಂಥದ್ದು ಮಾಡಿದ್ದೇವೆ’ ಅಂದರೆ ಸಾಕು. ಬೈಗುಳದ ಮಾತು ಹೇಳಬೇಕೋ ಬೇಡವೋ ಹುಡುಗನನ್ನೇ ಕೇಳಿ. ಚಾಳಿನ, ಅಂದರೆ ಮುಂಬಯಿಯ ವಠಾರದ, ಒಂದೇ ಕೋಣೆಯ ಮನೆಯಲ್ಲಿ ಗುಟ್ಟು ಬಯಲಾದರೆ ಅವನಿಗೆ ಬಾಗಿಲು ಹಾಕಿಕೊಂಡು ಕೂರಲೂ ಜಾಗವಿಲ್ಲ.

ಚಡ್ಡಿ ಎಳೆಯುವುದು, ಮೈಗೆ ಕೈ ಹಾಕುವುದು ಶುರುವಾಗಿದ್ದರೆ ಲೆಕ್ಕವೇ ಬೇರೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಹುಡುಗರಿಗೂ ಅನ್ವಯಿಸುತ್ತದೆ. ಲೈಂಗಿಕ ದೌರ್ಜನ್ಯ ಗೊತ್ತಾದವರು 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಶಾಲೆಯ ಮರ್ಯಾದೆ ಅಂತ ಒಳಗೊಳಗೇ ಮುಗಿಸುವವರು ಇದನ್ನು ಮರೆಯುತ್ತಾರೆ.

ಹುಡುಗನನ್ನು ‘ಸರಿಮಾಡುವ’ ಡಾಕ್ಟರ ವಿಳಾಸ ಕೊಡುವ ಹಿತೈಷಿಗಳೂ ಇದ್ದಾರೆ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಾತಾಡಲು ಯಾರಾದರೂ ಬೇಕಿದ್ದರೆ ಮಕ್ಕಳ ಸಹಾಯವಾಣಿ 1098, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಒಂದು ವಾರಕ್ಕೆ, ಮತ್ತೆ ಮೂರನೇ ವಾರಕ್ಕೆ, ಹುಡುಗನನ್ನು ಒಬ್ಬನೇ ಸಿಕ್ಕಾಗ ವಿಚಾರಿಸಿ. ‘ಎಲ್ಲಾ ಸರಿಹೋಯ್ತಾ?’ ಅಂದರೆ ‘ಹೂಂ’ ಅನ್ನುತ್ತಾನೆ. ‘ಬಾಟಲಿ ನೀರು ಮುಗೀತಾ?’ ಅಂತ ಕೇಳಿ. ಶೌಚಾಲಯಕ್ಕೆ ಹೋಗಲು ಹೆದರುವ ಮಕ್ಕಳು ದಿನವಿಡೀ ನೀರು ಮುಟ್ಟುವುದಿಲ್ಲ. ಬಾಟಲಿ ಇನ್ನೂ ತುಂಬಿದ್ದರೆ ನೋಟ್‌ಬುಕ್ ಮತ್ತೆ ತೆರೆಯಬೇಕು.