ಜನವರಿ ಒಂದರ ಮಳೆ

ನಾಲ್ಕು ದಿನದ ಗುದ್ದಾಟದ ನಂತರ ಇವತ್ತು ಹಳೆಯ ಲ್ಯಾಪ್‌ಟಾಪಿನಲ್ಲಿ ಫೋಟೋ ಜೋಡಿಸುವ ತಂತ್ರಾಂಶ ಕೂತಿತು.

ನಾನು ಹುಡುಕಿದ್ದೆಲ್ಲ 64 ಬಿಟ್ ಪ್ರೊಸೆಸರಿನ ಯಂತ್ರ ಕೇಳುತ್ತಿತ್ತು. ನನ್ನದು ಹಳೆಯ ಬಗೆಯ 32 ಬಿಟ್. ಡೌನ್‌ಲೋಡ್ ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ ನಿಮ್ಮ ಯಂತ್ರಕ್ಕೆ ಆಗದು ಎನ್ನುವುದು. ಮೊದಲೇ ಹೇಳಬಾರದೇ? ಕೊನೆಗೆ 32 ಬಿಟ್‌ನಲ್ಲೂ ಓಡುವ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿ, ಅದರಲ್ಲಿ ಶಾಟ್‌ವೆಲ್ ಎಂಬ ಫೋಟೋ ತಂತ್ರಾಂಶ ಇಳಿಸಿದೆ.

ಕ್ಯಾಮೆರಾ ಕಡತದೊಳಗೆ ಬರೆದಿಟ್ಟ ದಿನಾಂಕ ನೋಡಿ ಅದು ಚಿತ್ರಗಳನ್ನು ಗುಂಪು ಮಾಡುತ್ತದೆ. ನಮ್ಮ ಹಳೆಯ ಕ್ಯಾಮೆರಾಕ್ಕೋ, ಬ್ಯಾಟರಿ ತೆಗೆದಾಗಲೆಲ್ಲ ಮರೆವು. ಹಾಗಾಗಿ ಕುಂಬಳೆಯ ಯಕ್ಷಗಾನದ ಆಟ, ಬೇಕಲ ಕೋಟೆ, ಅಂಗಳದ ಅಡಿಕೆ, ಎಲ್ಲವೂ 2006ರ ಜನವರಿ 1ಕ್ಕೇ ಬಂದು ಬಿದ್ದಿವೆ.

ಅದರ ನಡುವೆ ಅಜ್ಜಿ. ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬೆ ಹಾಕಿಕೊಂಡು ಗದ್ದೆಯ ಬದುವಿನಲ್ಲಿ ಬಗ್ಗಿದ್ದಾರೆ. ಗೊರಬೆಯ ಅಂಚಿನಲ್ಲಿ ಒಂದು ಹನಿ, ಇನ್ನೇನು ಬೀಳಬೇಕು. ಎಷ್ಟು ದೊಡ್ಡದು ಮಾಡಿದರೂ ಮುಖ ಕಾಣಿಸುವುದಿಲ್ಲ, ಹನಿ ಕಾಣಿಸುತ್ತದೆ.

ಅಮ್ಮ ಹಿಂದಿನಿಂದ ಇಣುಕಿ, "ಜನವರಿಯಲ್ಲಿ ಇಂಥ ಮಳೆಯೇ? ಇದಕ್ಕೆ ತಲೆ ಸರಿ ಇಲ್ಲ" ಎಂದರು.

ದಿನಾಂಕ ತಿದ್ದಬಹುದು ಅಮ್ಮ, ಯಾವ ವರ್ಷ ಹೇಳಿ ಎಂದೆ.

"ಕೆಂಪಿ ದನ ಎರಡನೇ ಕರು ಹಾಕಿದ ವರ್ಷ. ಆಟಿಯಲ್ಲಿ, ಆ ಮಳೆಯ ತಿಂಗಳಲ್ಲಿ."

ತಿದ್ದುವ ಕಿಟಕಿಯಲ್ಲಿ ದಿನ, ತಿಂಗಳು, ಇಸವಿ ಇವೆ. ಕೆಂಪಿ ಇಲ್ಲ. ಸದ್ಯಕ್ಕೆ ಜನವರಿಯಲ್ಲೇ ಮಳೆ ಬರುತ್ತಿರಲಿ ಎಂದು ಮುಚ್ಚಿಟ್ಟಿದ್ದೇನೆ. ಅಮ್ಮ ಇನ್ನೂ ಚಾವಡಿಯಲ್ಲಿ ಕೂತು ಕರುಗಳ ಲೆಕ್ಕ ಹಾಕುತ್ತಿದ್ದಾರೆ.