ತಳ್ಳೋಕೆ ಏನಾದರೂ ಬೇಕು

17 ನವೆಂಬರ್ 2024, ಭಾನುವಾರ ರಾತ್ರಿ

ಅಪ್ಪ ಇವತ್ತೂ ಶೆಡ್‌ನಲ್ಲೇ ಇದ್ದರು. ಊಟಕ್ಕೆ ಕರೆಯೋಕೆ ಹೋದ ನಾನು ಒಂದೂವರೆ ಗಂಟೆ ಅಲ್ಲೇ ಕೂತುಬಿಟ್ಟೆ. ಹಳೇ ಟ್ಯಾಂಕಿನ ಒಳಗೆ ಸೀಟು ಕೂರಿಸಿ ಆಗಿದೆ, ಕಿಟಕಿಗೆ ದಪ್ಪ ಗಾಜು ಬಂದಿದೆ. ಚಂದ್ರನಿಗೆ ಹೋಗೋ ನೌಕೆ ಅಂತೆ. ಅಮ್ಮ ಹೋದ ಮೇಲೆ ಶುರುವಾದ ಕೆಲಸ ಇದು.

"ಬಾಡಿ ಮುಗೀತು. ಚಂದ್ರನವರೆಗೆ ಇದಕ್ಕೆ ಪವರ್ ಎಷ್ಟು ಬೇಕು, ಲೆಕ್ಕ ಹಾಕಿ ಕೊಡು ಪುಟ್ಟಿ" ಅಂದರು.

ಮೂಲೆಯಲ್ಲಿ ಸೀಮೆಎಣ್ಣೆ ಕ್ಯಾನು ಕಂಡಿತು. ಎದೆ ಧಸಕ್ ಅಂತು. ಮೊದಲು ಅದನ್ನು ಎತ್ತಿ ಹೊರಗಿಟ್ಟು ಬಂದೆ. ಬೆಂಕಿ ಕೆಲಸ ಒಂದು ಮಾತ್ರ ಬೇಡಪ್ಪಾ ಅಂತ ಮಾತು ತಗೊಂಡೆ. ಅವರು ಕೊಟ್ಟರು, ಆದರೆ ಮುಖ ಸಣ್ಣದಾಯಿತು.

ಆಮೇಲೆ ಲೆಕ್ಕಕ್ಕೆ ಕೂತೆವು. ಭೂಮಿಯ ಹಿಡಿತ ಬಿಡಿಸಿಕೊಳ್ಳೋಕೆ ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಒಂದು ಕಿಲೋ ತೂಕಕ್ಕೆ ಆ ವೇಗ ಕೊಡೋಕೆ ಬೇಕಾದ ಶಕ್ತಿ ಹದಿನೇಳೂವರೆ ಯೂನಿಟ್ ಕರೆಂಟಿನಷ್ಟು. ಅಪ್ಪ ನನ್ನ ಮುಖ ನೋಡಿದರು. "ಇಷ್ಟೇನಾ?" ಅಂದರು. ಜೀವನಪೂರ್ತಿ ಮೋಟಾರ್ ವೈಂಡಿಂಗ್ ಮಾಡಿದವರು ಅವರು, ಯೂನಿಟ್ ಅಂದರೆ ಅವರಿಗೆ ಕೈಯಲ್ಲಿ ಹಿಡಿದ ಹಾಗೆ.

ಆದರೆ ಒಂದು ಕಿಲೋ ಒಳ್ಳೇ ಲಿಥಿಯಂ ಬ್ಯಾಟರಿಯಲ್ಲಿ ಇರೋದೇ ಸುಮಾರು ಕಾಲು ಯೂನಿಟ್. ತನ್ನ ತೂಕವನ್ನೇ ಅದು ಒಯ್ಯಲಾರದು. ಹೋಗಲಿ, ಬ್ಯಾಟರಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ, ಮೋಟಾರು ಏನನ್ನು ತಳ್ಳಬೇಕು? ಚಕ್ರಕ್ಕೆ ನೆಲ ಇದೆ, ಫ್ಯಾನಿಗೆ ಗಾಳಿ ಇದೆ. ಬಾಹ್ಯಾಕಾಶದಲ್ಲಿ ಎರಡೂ ಇಲ್ಲ. ತಾನೇ ಹೊತ್ತುಕೊಂಡು ಹೋದದ್ದನ್ನು ಹಿಂದಕ್ಕೆ ಎಸೆದರೆ ಮಾತ್ರ ಮುಂದೆ ಹೋಗೋದು. ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದೆ ಸರಿಯುತ್ತಲ್ವಾ, ಹಾಗೆ.

ಎಸೆಯೋ ವೇಗ ಕಡಿಮೆಯಾದಷ್ಟೂ ಹೊರೆ ಜಾಸ್ತಿ. ರಷ್ಯಾದ ವಿಜ್ಞಾನಿ ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ಕೊಟ್ಟ ರಾಕೆಟ್ ಸೂತ್ರಕ್ಕೆ ಅಂಕಿ ಹಾಕಿ ನೋಡಿದೆ. ಸೀಮೆಎಣ್ಣೆ ತರದ್ದನ್ನೇ ದ್ರವ ಆಮ್ಲಜನಕದ ಜೊತೆ ಉರಿಸಿದರೆ ಹೊಗೆ ಸೆಕೆಂಡಿಗೆ ಮೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಹೊರಬೀಳುತ್ತದೆ. ಆ ಲೆಕ್ಕದಲ್ಲಿ ಚಂದ್ರನ ಮೇಲೆ ಒಂದು ಕಿಲೋ ಇಳಿಸಬೇಕಾದರೆ ನೆಲ ಬಿಡುವಾಗ ಇಂಧನ, ಆಮ್ಲಜನಕ ಎಲ್ಲಾ ಸೇರಿ 100 ಕಿಲೋ ಹತ್ತಿರ ಇರಬೇಕು. ಅಪ್ಪನ ತೂಕ 60. ಅವರೊಬ್ಬರಿಗೇ 6,000 ಕಿಲೋ. ಇದರಲ್ಲಿ ಸೀಟು ಸೇರಿಲ್ಲ, ಗಾಜು ಸೇರಿಲ್ಲ, ವಾಪಸ್ ಬರೋದು ಸೇರಿಲ್ಲ. ವಾಪಸ್ ವಿಷಯ ಅವರು ಕೇಳಲೇ ಇಲ್ಲ. ನನಗೆ ಅದೇ ಚುಚ್ಚುತ್ತಿದೆ.

ಅವರು ಸುಮ್ನೆ ಸ್ಪ್ಯಾನರ್ ಒರೆಸುತ್ತಾ ಕೂತರು. ನನಗೆ ತಡೆಯೋಕೆ ಆಗಲಿಲ್ಲ. ಸ್ಮಾರ್ಟ್-1 ಬಗ್ಗೆ ಹೇಳಿದೆ. ಯುರೋಪಿನವರ ನೌಕೆ, 2003ರ ಸೆಪ್ಟೆಂಬರ್‌ನಲ್ಲಿ ಹೊರಟು 2004ರ ನವೆಂಬರ್‌ನಲ್ಲಿ ಚಂದ್ರನ ಕಕ್ಷೆ ಸೇರಿತು. ಇದೇ ತಿಂಗಳಿಗೆ 20 ವರ್ಷ! ಅದು ಹೋಗಿದ್ದು ಕರೆಂಟಿನಲ್ಲಿ. ಕ್ಸೆನಾನ್ ಅನ್ನೋ ಅನಿಲಕ್ಕೆ ವಿದ್ಯುತ್ ಕೊಟ್ಟು ಭಾರೀ ವೇಗದಲ್ಲಿ ಹಿಂದಕ್ಕೆ ಎಸೆಯುತ್ತಿತ್ತು, ಇಡೀ ಪಯಣಕ್ಕೆ ಒಯ್ದ ಅನಿಲ 82 ಕಿಲೋ ಅಷ್ಟೇ. ತಳ್ಳುವ ಬಲ ಅಂಗೈ ಮೇಲೆ ಒಂದೆರಡು ಕಾಗದದ ಹಾಳೆ ಇಟ್ಟಷ್ಟು. ಹೀಗೇ ತಿಂಗಳುಗಟ್ಟಲೆ ತಳ್ಳಿ ತಳ್ಳಿ ತಲುಪಿಬಿಟ್ಟಿತು.

"ಕರೆಂಟು ಎಷ್ಟು?"

"ಸೋಲಾರ್ ಪ್ಯಾನೆಲ್‌ನಿಂದ 1.9 ಕಿಲೋವ್ಯಾಟ್."

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ಎರಡೂವರೆ ಎಚ್‌ಪಿ" ಅಂದರು. ಆಮೇಲೆ ಇನ್ನೊಂದು ಸಲ, ಮೆಲ್ಲಗೆ, "ಎರಡೂವರೆ ಎಚ್‌ಪಿ. ಅಂಥ ಮೋಟಾರು ಎಷ್ಟು ಕಟ್ಟಿದ್ದೀನಿ ನಾನು."

ಸ್ಮಾರ್ಟ್-1 ಅನ್ನು ಮೇಲಕ್ಕೆ ಒಯ್ದು ಬಿಟ್ಟಿದ್ದು ದೊಡ್ಡ ಆರಿಯಾನ್-5 ರಾಕೆಟ್ಟು, ಕಾಗದದ ಭಾರದಷ್ಟು ಬಲ ನೆಲದಿಂದ ಒಂದಿಂಚೂ ಎತ್ತಲ್ಲ ಅಂತಲೂ ಹೇಳಿದೆ. ಸುಳ್ಳು ಆಸೆ ಕೊಡಬಾರದು ಅಲ್ವಾ. ಅವರು ತಲೆಯಾಡಿಸಿದರು. "ಅಂದರೆ ನೆಲ ಬಿಡೋದು ಒಂದೇ ಬಾಕಿ" ಅಂದರು.

ಊಟ ತಣ್ಣಗಾಗಿತ್ತು. ಹನ್ನೊಂದು ದಾಟಿದೆ, ಶೆಡ್‌ನಲ್ಲಿ ಇನ್ನೂ ದೀಪ ಇದೆ. ತಂತಿ ಸುತ್ತುವ ಸದ್ದು ಇಲ್ಲಿಗೂ ಕೇಳುತ್ತಿದೆ. ಹೋಗಿ ಮಲಗಿ ಅನ್ನೋಣ ಅಂತ ಎದ್ದೆ, ಆದರೆ ಎಷ್ಟು ತಿಂಗಳಾಯ್ತು ಈ ಸದ್ದು ಕೇಳಿ