ಅಡ್ವೊಕೇಟ್ ಜನರಲ್ ಮೇಜಿಗೆ ಬರುವ ಕಡತ

ಕೇರಳದ ಕಾಸರಗೋಡು ಜಿಲ್ಲೆಯ ಹೊಸದುರ್ಗ ತಾಲೂಕಿನ ಕಾಞಂಗಾಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬೆಳೆದು, ಬೆಳಗಾವಿಯಲ್ಲಿ ಕಾನೂನು ಓದಿದ ಕೆ.ಕೆ. ವೇಣುಗೋಪಾಲ್ 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದರು. ಹಾಗಾಗಿ ಕಾಸರಗೋಡಿನ ಕಾನೂನು ವಿದ್ಯಾರ್ಥಿಗಳಿಗೆ ಸರ್ಕಾರದ ಮುಖ್ಯ ವಕೀಲರ ಹುದ್ದೆ ಅಪರಿಚಿತವಲ್ಲ. ಆದರೆ ಅದನ್ನು ಹೆಸರಾಂತ ವಕೀಲರಿಗೆ ಸಿಗುವ ಒಂದು ಗೌರವ ಎಂದಷ್ಟೇ ತಿಳಿದವರು ಬಹಳ. ಕೆಲಸದ ನಿಜವಾದ ಭಾರ ಗೊತ್ತಾಗಬೇಕಾದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಅವರ ಕಚೇರಿಯನ್ನು ನೋಡಬೇಕು.

ಸಂವಿಧಾನದ 165ನೇ ವಿಧಿಯಂತೆ ಅಡ್ವೊಕೇಟ್ ಜನರಲ್ ಆಗುವವರಿಗೆ ಹೈಕೋರ್ಟ್ ನ್ಯಾಯಾಧೀಶರಾಗುವ ಅರ್ಹತೆ ಇರಬೇಕು. ವಕೀಲರಾಗಿದ್ದರೆ ಹೈಕೋರ್ಟಿನಲ್ಲಿ ಕನಿಷ್ಠ 10 ವರ್ಷ ವೃತ್ತಿ ಮಾಡಿರಬೇಕು. ನೇಮಿಸುವವರು ರಾಜ್ಯಪಾಲರು. ಅವಧಿ ನಿಗದಿಯಿಲ್ಲದ ಕಾರಣ ಸರ್ಕಾರ ಬದಲಾದರೆ ಸಾಮಾನ್ಯವಾಗಿ ಇವರೂ ಬದಲಾಗುತ್ತಾರೆ. 177ನೇ ವಿಧಿಯಂತೆ ವಿಧಾನಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ.

ಮಂಜೇಶ್ವರದ ಒಬ್ಬ ರೈತ ಜಾಗದ ವಿಚಾರದಲ್ಲಿ ಎರ್ನಾಕುಳಂನ ಕೇರಳ ಹೈಕೋರ್ಟಿಗೆ ಸರ್ಕಾರದ ವಿರುದ್ಧ ರಿಟ್ ಅರ್ಜಿ ಹಾಕಿದ ಎಂದಿಟ್ಟುಕೊಳ್ಳಿ. ಅರ್ಜಿಯ ಪ್ರತಿ ಅಡ್ವೊಕೇಟ್ ಜನರಲ್ ಕಚೇರಿಗೆ ಹೋಗುತ್ತದೆ, ಒಬ್ಬ ಸರ್ಕಾರಿ ಪ್ಲೀಡರ್ (ಸರ್ಕಾರದ ಪರ ವಕೀಲ) ಅದನ್ನು ವಹಿಸಿಕೊಳ್ಳುತ್ತಾರೆ. ಇಲಾಖೆ ಪ್ಯಾರಾವಾರು ಉತ್ತರ ಕಳಿಸಬೇಕು. ಅದನ್ನಿಟ್ಟುಕೊಂಡು ಪ್ಲೀಡರ್ ಎದುರು ಅಫಿಡವಿಟ್, ಅಂದರೆ ಅರ್ಜಿಗೆ ಲಿಖಿತ ಉತ್ತರ, ಸಿದ್ಧಮಾಡುತ್ತಾರೆ, ಅಧಿಕಾರಿ ಪ್ರಮಾಣ ಮಾಡಿ ಸಹಿ ಹಾಕುತ್ತಾರೆ. ಕೆಡುವುದು ಇಲ್ಲೇ. ‘ಆರೋಪ ನಿರಾಕರಿಸಲಾಗಿದೆ’ ಎಂದು ಬರೆದು ಕೈತೊಳೆದುಕೊಂಡ ಉತ್ತರ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪ್ರತಿ ಮಾತಿಗೂ ಆದೇಶದ ಸಂಖ್ಯೆ, ತಾರೀಕು, ದಾಖಲೆಯ ಪ್ರತಿ ಬೇಕು. ನಮ್ಮ ಕಡೆ ಇನ್ನೊಂದು ತೊಡಕಿದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮುಂಚೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಹಾಗಾಗಿ ಹಳೆಯ ಗೇಣಿಚೀಟಿ, ಕ್ರಯಪತ್ರಗಳು ಕನ್ನಡದಲ್ಲಿವೆ. ಅವನ್ನು ಓದಬಲ್ಲ ಗುಮಾಸ್ತ ವಿಲೇಜ್ ಆಫೀಸಿನಲ್ಲಿ ಇಲ್ಲದಿದ್ದರೆ ಮುಖ್ಯ ದಾಖಲೆಯೇ ಕಡತದಿಂದ ಹೊರಗುಳಿಯುತ್ತದೆ. ಆಮೇಲೆ ಎಷ್ಟೇ ಸಮರ್ಥ ಅಡ್ವೊಕೇಟ್ ಜನರಲ್ ಎದ್ದುನಿಂತರೂ ವಾದಕ್ಕೆ ಬುಡವಿರುವುದಿಲ್ಲ. ಕನ್ನಡ ಬಲ್ಲ ನೌಕರರನ್ನು ಇಲ್ಲಿ ನೇಮಿಸಿ ಎಂಬ ಬೇಡಿಕೆಯನ್ನು ಬರೀ ಭಾಷಾಭಿಮಾನ ಎನ್ನುವವರು ಇದನ್ನು ಗಮನಿಸಬೇಕು.

ಎರಡನೆಯ ರೋಗ ವಿಳಂಬ. ಸಿವಿಲ್ ಡಿಕ್ರಿಯ (ಸಿವಿಲ್ ದಾವೆಯಲ್ಲಿ ಕೋರ್ಟು ಕೊಟ್ಟ ಅಂತಿಮ ಆದೇಶ) ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ. ದೃಢೀಕೃತ ನಕಲು ಸಿಗಲು ಹಿಡಿದ ಸಮಯವನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಡತ ಮೇಜಿಂದ ಮೇಜಿಗೆ ಹೋಯಿತು ಎನ್ನುವ ವಿವರಣೆ ಈಗ ಸಾಲದು. ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಸುಪ್ರೀಂ ಕೋರ್ಟ್ 2012ರಲ್ಲೇ ಮನ್ನಿಸಲಿಲ್ಲ.

ಆದರೂ ನನ್ನ ಮಟ್ಟಿಗೆ ಈ ಹುದ್ದೆಯ ಅಳತೆಗೋಲು ಗೆದ್ದ ಕೇಸುಗಳಲ್ಲ, ಸೋತ ಮೇಲೆ ಸರ್ಕಾರಕ್ಕೆ ಕೊಟ್ಟ ಸಲಹೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿ 10ರಂದು ಕೇರಳಕ್ಕೆ ಹೇಳಿತು. ಅಂಥ ತೀರ್ಪು ಬಂದ ವಾರದಲ್ಲೇ ಕಾನೂನು ಅಧಿಕಾರಿ ಲಿಖಿತವಾಗಿ ತಿಳಿಸಬೇಕಾದದ್ದು ಇಷ್ಟು: ಒಪ್ಪಿಗೆ ಇಲ್ಲದಿದ್ದರೆ 30 ದಿನದೊಳಗೆ ಪುನರ್ವಿಮರ್ಶೆ ಅರ್ಜಿ, ಇಲ್ಲವಾದರೆ ಹಣ, ಮೂರನೆಯ ದಾರಿಯಿಲ್ಲ. ಕಾಸರಗೋಡಿನ ಎಣ್ಮಕಜೆಯಂಥ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಕಾಯುತ್ತಲೇ ಇದ್ದರು. 2022ರಲ್ಲಿ ನ್ಯಾಯಾಂಗ ನಿಂದನೆ ಅರ್ಜಿಯ ವಿಚಾರಣೆ ನಡೆದಾಗ, ಹಣ ಕೈಸೇರಿದ್ದು ಕೋರ್ಟಿನ ಮೆಟ್ಟಿಲು ಹತ್ತಿದ 8 ಮಂದಿಗೆ ಮಾತ್ರ ಎಂಬುದು ಹೊರಬಂತು.